ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವ ಮುನ್ನ ಏನೇನು ನೋಡಬೇಕು? ಅನುಭವವಿರುವವರು ತಿಳಿಸಿ

ಕೇಳಿದವರು:

ಬಹುಕಾಲದಿಂದ ಮನಸ್ಸಿನಲ್ಲಿದ್ದ ಆಸೆಯೊಂದನ್ನು ಈ ವರ್ಷ ಪೂರೈಸಿಕೊಳ್ಳಬೇಕೆಂದಿದ್ದೇನೆ. ಎರಡು ಸೀಟಿನ, ಬಟ್ಟೆಯ ಮೇಲ್ಛಾವಣಿಯ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳುವ ವಿಚಾರವಿದೆ. ಮಜ್ದಾ ಎಂಎಕ್ಸ್-5, ಹೋಂಡಾ ಎಸ್2000, ಪೋರ್ಷೆ ಬಾಕ್ಸ್‌ಸ್ಟರ್, ಈ ಮೂರರಲ್ಲಿ ಯಾವುದು ಒಳ್ಳೆಯ ಸ್ಥಿತಿಯಲ್ಲಿ ಸಿಗುವುದೋ ಅದನ್ನು ತೆಗೆದುಕೊಳ್ಳುತ್ತೇನೆ. ಇದುವರೆಗೆ ನಾನು ಓಡಿಸಿದ್ದೆಲ್ಲ ಮನೆಬಳಕೆಯ ಸಾಧಾರಣ ಕಾರುಗಳು. ಆಯಿಲ್ ಮಟ್ಟ ನೋಡುವುದು, ಟೈರ್ ಬದಲಿಸುವುದು ಬಿಟ್ಟರೆ ಹೆಚ್ಚಿನ ಕೆಲಸ ಬಾರದು. ಮಾರುವವರ ಬಳಿ ನನಗೆ ಸಿಗುವ ಒಂದೆರಡು ಗಂಟೆಯಲ್ಲಿ ನಾನೇ ಏನನ್ನು ನೋಡಬಹುದು, ಯಾವುದನ್ನು ಮೆಕ್ಯಾನಿಕ್‌ಗೆ ಬಿಡಬೇಕು, ಏನು ಕಂಡರೆ ಮಾತು ಮುಂದುವರಿಸದೆ ಹಿಂದಿರುಗಬೇಕು ಎಂಬುದನ್ನು ದಯವಿಟ್ಟು ತಿಳಿಸಿ. ಕಡಿಮೆ ಕಿಲೋಮೀಟರ್ ಓಡಿದ ಕಾರನ್ನೇ ಹುಡುಕಬೇಕೆ ಎಂಬುದೂ ನನ್ನ ಪ್ರಶ್ನೆ.

ಹದಿನಾಲ್ಕು ವರ್ಷಗಳಿಂದ ಇಂಥದೇ ಕಾರು ಸಾಕುತ್ತಿರುವ ಒಬ್ಬರು:

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಾನು ಎಡವಿದ್ದು ಅಲ್ಲಿಯೇ. ನಾನು ಕೊಂಡ ಮೊದಲ ಹಳೆಯ ಕಾರು ವರ್ಷಕ್ಕೆ ಸಾವಿರ ಕಿಲೋಮೀಟರ್ ಕೂಡ ಓಡಿರಲಿಲ್ಲ. ಅದನ್ನೇ ಅದರ ದೊಡ್ಡ ಗುಣವೆಂದು ನಂಬಿ ಬೇರೆ ಏನನ್ನೂ ಕೇಳದೆ ಹಣ ಕೊಟ್ಟೆ. ಮೊದಲ ಆರು ತಿಂಗಳಲ್ಲಿ ಬ್ರೇಕ್ ಪ್ಯಾಡ್‌ಗಳನ್ನು ಒತ್ತುವ ಕ್ಯಾಲಿಪರ್‌ಗಳು ಹಿಡಿದುಕೊಂಡವು, ಎಂಜಿನ್ ತಂಪಾಗಿಡುವ ದ್ರವದ, ಅಂದರೆ ಕೂಲೆಂಟ್‌ನ, ಪೈಪುಗಳು ಒಂದರ ಹಿಂದೊಂದು ಬಿರುಕು ಬಿಟ್ಟವು, ಪೆಟ್ರೋಲ್ ಟ್ಯಾಂಕಿನೊಳಗಿನ ತುಕ್ಕು ಫಿಲ್ಟರನ್ನು ಮತ್ತೆಮತ್ತೆ ಕಟ್ಟಿಸಿತು. ರಬ್ಬರ್ ಹಳತಾಗುವುದಕ್ಕೆ ಚಕ್ರ ತಿರುಗಲೇಬೇಕೆಂದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದಕ್ಕೂ ಓಡಾಟ ಬೇಕಿಲ್ಲ. ಆದ್ದರಿಂದ ಓಡೋಮೀಟರ್ ನೋಡಿದ ಕೂಡಲೇ ಕೇಳಬೇಕಾದದ್ದು, ಆ ಕಿಲೋಮೀಟರ್‌ಗಳು ಯಾವ ಯಾವ ವರ್ಷಗಳಲ್ಲಿ ಓಡಿದವು ಮತ್ತು ಆ ವರ್ಷಗಳಲ್ಲಿ ಕಾರಿಗೆ ಏನೇನು ಮಾಡಿಸಲಾಯಿತು ಎಂಬುದು. ಪ್ರತಿ ವರ್ಷ ನಿಯಮಿತವಾಗಿ ಓಡಿ, ಪ್ರತಿ ವರ್ಷ ಆಯಿಲ್ ಬದಲಾದ, ಹೆಚ್ಚು ಕಿಲೋಮೀಟರ್‌ನ ಕಾರನ್ನು ನಾನು ಇಂದು ಎರಡು ಮಾತಿಲ್ಲದೆ ಆರಿಸುತ್ತೇನೆ.

ನೋಡಲು ಹೋಗುವ ಮುನ್ನ ಫೋನಿನಲ್ಲಿಯೇ, ನಾನು ಬರುವವರೆಗೆ ಎಂಜಿನ್ ಚಾಲು ಮಾಡಬೇಡಿ ಎಂದು ಸ್ಪಷ್ಟವಾಗಿ ಕೇಳಿಕೊಳ್ಳಿ. ತಲುಪಿದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ತಣ್ಣಗಿರುವ ಎಂಜಿನ್ ಮೊದಲ ಅರ್ಧ ನಿಮಿಷದಲ್ಲಿ ಹೇಳುವಷ್ಟನ್ನು ಆಮೇಲಿನ ಅರ್ಧ ಗಂಟೆಯಲ್ಲಿಯೂ ಹೇಳುವುದಿಲ್ಲ: ಸ್ಟಾರ್ಟ್ ಆದಾಗ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಬಿಳಿ ಹೊಗೆ ತಣ್ಣನೆಯ ಹೊತ್ತಿನಲ್ಲಿ ಬರೀ ಆವಿಯಾಗಿರಬಹುದು, ಆದರೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ ಸಿಹಿ ವಾಸನೆಯೊಡನೆ ಬರುತ್ತಿದ್ದರೆ ಕೂಲೆಂಟ್ ಒಳಗೆ ಸೇರುತ್ತಿದೆ ಎಂದೇ ತಿಳಿಯಬೇಕು. ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಪದರ ಕಂಡೊಡನೆ ಗಾಬರಿಯಾಗಬೇಡಿ. ಕೇವಲ ಹತ್ತಿರದ ಓಡಾಟ ಮಾಡುವ ಕಾರಿನಲ್ಲಿ ತೇವದಿಂದಲೂ ಹಾಗಾಗುತ್ತದೆ. ಕೂಲೆಂಟ್ ಸ್ವಚ್ಛವಾಗಿದೆಯೇ, ಅದರ ಮಟ್ಟ ಸರಿಯಿದೆಯೇ ಎಂದು ನೋಡಿದ ಮೇಲೆ ತೀರ್ಮಾನಿಸಿ.

ಇನ್ನು ತುಕ್ಕು. ಎಂಜಿನನ್ನು ಬಿಚ್ಚಿ ಕಟ್ಟಬಹುದು, ಗೇರ್‌ಬಾಕ್ಸ್ ಬೇರೆ ಹಾಕಬಹುದು, ಆದರೆ ಕೊಳೆತ ಚಾಸಿಸ್ ಸರಿಪಡಿಸಲು ತಗಲುವ ಖರ್ಚು ಎಷ್ಟೋ ಸಲ ಕಾರಿನ ಬೆಲೆಯನ್ನೇ ಮೀರುತ್ತದೆ. ಎಂಎಕ್ಸ್-5 ನೋಡುವಾಗ ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ಪಟ್ಟಿಯ ಹಿಂಭಾಗವನ್ನು, ಅಂದರೆ ಹಿಂಚಕ್ರದ ಮುಂದಿನ ಗೇಣುದ್ದದ ಜಾಗವನ್ನು, ಮೊಣಕಾಲೂರಿ ನೋಡಿ. ಮೇಲ್ಛಾವಣಿಯ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿನ ಕೊಳವೆಗಳ ಮೂಲಕ ಕೆಳಗಿಳಿಯಬೇಕು. ಎಲೆ, ಮಣ್ಣು ತುಂಬಿ ಆ ಕೊಳವೆಗಳು ಕಟ್ಟಿಕೊಂಡರೆ ನೀರು ಪಟ್ಟಿಯೊಳಗೆ ನಿಂತು ಒಳಗಿನಿಂದ ತಿನ್ನುತ್ತ ಬರುತ್ತದೆ, ಹೊರಗೆ ಬಣ್ಣ ಗುಳ್ಳೆಯೇಳುವ ಹೊತ್ತಿಗೆ ಒಳಗೆ ಉಳಿದಿರುವುದು ಅಲ್ಪ. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ತಗಡಿನ ನಾದಕ್ಕೂ ಪುಟ್ಟಿ ಮೆತ್ತಿದ ಜಾಗದ ಮಂದ ಸದ್ದಿಗೂ ಇರುವ ಅಂತರ ಅಭ್ಯಾಸವಿಲ್ಲದ ಕಿವಿಗೂ ತಿಳಿಯುತ್ತದೆ. 1998ರಿಂದ 2005ರವರೆಗಿನ ಎರಡನೆಯ ಪೀಳಿಗೆಯ ಎಂಎಕ್ಸ್-5 ಆಗಿದ್ದರೆ ಮುಂಭಾಗದ ಚಾಸಿಸ್ ರೈಲುಗಳನ್ನು, ಅಂದರೆ ಚಾಸಿಸ್‌ನ ಉದ್ದನೆಯ ತೊಲೆಗಳನ್ನು, ಕಾರು ಮೇಲೆತ್ತಿಯೇ ನೋಡಬೇಕು. ಅವು ಪದರಗಳ ನಡುವೆ ಕೊಳೆಯುವುದರಿಂದ ನಿಂತು ಬಗ್ಗಿ ನೋಡಿದರೆ ಕಾಣುವುದಿಲ್ಲ.

ಪೇಂಟಿನ ದಪ್ಪ ಅಳೆಯುವ ಸಣ್ಣ ಮೀಟರ್ ಸಿಕ್ಕರೆ ಒಯ್ಯಿರಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಒಂದು ಬಾಗಿಲು ಅಷ್ಟು ತೋರಿಸಿ ಪಕ್ಕದ ಭಾಗ ಅದರ ಹಲವು ಪಟ್ಟು ತೋರಿಸಿದರೆ ಅಲ್ಲಿ ಪುಟ್ಟಿಯಿದೆ. ಕೆಲವರು ಅಯಸ್ಕಾಂತ ಸಾಕೆನ್ನುತ್ತಾರೆ, ಆದರೆ ಮೊದಲ ಪೀಳಿಗೆಯ ಎಂಎಕ್ಸ್-5 ಮತ್ತು ಎಸ್2000 ಎರಡರ ಬಾನೆಟ್ಟೂ ಅಲ್ಯೂಮಿನಿಯಂ ಆದ್ದರಿಂದ ಅಲ್ಲಿ ಅಯಸ್ಕಾಂತ ಹಿಡಿಯದಿರುವುದೇ ಸರಿ ಎಂಬುದು ನೆನಪಿರಲಿ.

ವೃತ್ತಿಯಿಂದ ಮೆಕ್ಯಾನಿಕ್ ಆಗಿರುವ ಒಬ್ಬರು:

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಎಂಜಿನ್ ಕುರಿತು ಸ್ವಲ್ಪ ವಿವರವಾಗಿ ಬರೆಯುವೆ.

ಕೊಳ್ಳುವ ಮುನ್ನ ಕಾರನ್ನು ನನ್ನ ಬಳಿಗೆ ತರುವವರಲ್ಲಿ ಹೆಚ್ಚಿನವರು ಕೇಳುವುದು ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆಂದು ಅಳೆಯುವುದು. ಮಾಡಿಸಿ, ಒಳ್ಳೆಯದೇ, ಎಂಜಿನ್ ಬಿಸಿಯಾಗಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಎಲ್ಲ ಸಿಲಿಂಡರ್‌ಗಳ ಅಂಕಿ ಪರಸ್ಪರ ಹತ್ತಿರವಿರುವುದು ಒಂದೊಂದರ ಅಂಕಿಗಿಂತ ಮುಖ್ಯ, ಹೆಚ್ಚೆಂದರೆ ಶೇಕಡಾ 10ರಿಂದ 15ರ ವ್ಯತ್ಯಾಸ ಸಹಿಸಬಹುದು. ಆದರೆ ಸಮಯವಿದ್ದರೆ ಲೀಕ್-ಡೌನ್ ಟೆಸ್ಟನ್ನೇ ಮಾಡಿಸಿರೆಂದು ನಾನು ಒತ್ತಾಯಿಸುತ್ತೇನೆ. ಒತ್ತಡದ ಗಾಳಿಯನ್ನು ಸಿಲಿಂಡರಿಗೆ ತುಂಬಿ ಅದು ಎಲ್ಲಿಂದ ಸೋರುತ್ತಿದೆಯೆಂದು ಕಿವಿಗೊಟ್ಟು ಕೇಳುವುದು ಅದರ ಕ್ರಮ: ಸೈಲೆನ್ಸರಿನಲ್ಲಿ ಸುಯ್ಯೆಂದರೆ ಎಕ್ಸಾಸ್ಟ್ ವಾಲ್ವ್, ಗಾಳಿ ಒಳಬರುವ ದಾರಿಯಲ್ಲಿ ಕೇಳಿದರೆ ಇನ್‌ಟೇಕ್ ವಾಲ್ವ್, ಆಯಿಲ್ ತುಂಬುವ ಬಾಯಿಯಲ್ಲಿ ಕೇಳಿದರೆ ಪಿಸ್ಟನ್ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆಯೆದ್ದರೆ ಹೆಡ್ ಗ್ಯಾಸ್ಕೆಟ್. ಕಂಪ್ರೆಷನ್ ಟೆಸ್ಟ್ ರೋಗವಿದೆ ಎನ್ನುತ್ತದೆ, ಇದು ರೋಗ ಎಲ್ಲಿದೆ ಎನ್ನುತ್ತದೆ. ಬೆಲೆ ಮಾತಾಡುವಾಗ ನಿಮಗೆ ಬೇಕಾದದ್ದು ಎರಡನೆಯದು.

ಸ್ಪೋರ್ಟ್ಸ್ ಕಾರುಗಳಿಗೇ ಅಂಟಿದ ಅಪಾಯವೊಂದಿದೆ. ಎಸ್2000ದ ಎರಡು ಲೀಟರ್ ಎಂಜಿನ್ ಸುಮಾರು 9,000 ಆರ್‌ಪಿಎಂವರೆಗೆ ತಿರುಗುವಂತೆ ಮಾಡಿದ್ದು, ಅದರಾಚೆ ಹೋಗದಂತೆ ಕಂಪ್ಯೂಟರ್ ತಡೆಯುತ್ತದೆ. ಆದರೆ ಓಡಿಸುವವರು ವೇಗದಲ್ಲಿರುವಾಗ ನಾಲ್ಕನೆಯ ಗೇರಿಗೆ ಬದಲಾಗಿ ಎರಡನೆಯದಕ್ಕೆ ಹಾಕಿದರೆ ಚಕ್ರಗಳೇ ಎಂಜಿನನ್ನು ಎಳೆದು ತಿರುಗಿಸುವುದರಿಂದ ಯಾವ ಕಂಪ್ಯೂಟರೂ ಏನೂ ಮಾಡಲಾರದು. ವಾಲ್ವ್ ಬಗ್ಗಬಹುದು, ವಾಲ್ವ್ ಸ್ಪ್ರಿಂಗನ್ನು ಹಿಡಿದಿರುವ ರಿಟೇನರ್‌ನಲ್ಲಿ ಬಿರುಕು ಹುಟ್ಟಿ ಬಹಳ ಕಾಲದ ಮೇಲೆ ಒಡೆಯಬಹುದು. ಬಾಕ್ಸ್‌ಸ್ಟರ್‌ನಲ್ಲಿ ಹೀಗೆ ಎಂಜಿನ್ ಮಿತಿ ಮೀರಿ ತಿರುಗಿದ ದಾಖಲೆಯನ್ನು ಎಂಜಿನ್ ಕಂಪ್ಯೂಟರ್ ತಾನೇ ಬರೆದಿಟ್ಟುಕೊಳ್ಳುತ್ತದೆ, ಸರಿಯಾದ ಉಪಕರಣವಿದ್ದರೆ ಓದಬಹುದು. ಅದನ್ನು ಓದಿಸದೆ ಬಾಕ್ಸ್‌ಸ್ಟರ್ ಕೊಳ್ಳಬೇಡಿ.

ಬಾಕ್ಸ್‌ಸ್ಟರ್ ವಿಷಯವೇ ಬಂದಿದ್ದರಿಂದ ಹೇಳುತ್ತೇನೆ. 1996ರಿಂದ 2004ರವರೆಗಿನ ಮೊದಲ ಪೀಳಿಗೆಯ ಎಂಜಿನ್‌ಗಳಲ್ಲಿ ಐಎಂಎಸ್ ಬೇರಿಂಗ್, ಅಂದರೆ ನಡುವಿನ ಶಾಫ್ಟ್‌ನ ಬೇರಿಂಗ್, ಒಡೆದರೆ ಇಡೀ ಎಂಜಿನ್ ಹಾಳಾಗುತ್ತದೆ. ಆರಂಭದ ಎರಡು ಸಾಲಿನ ಬೇರಿಂಗ್‌ಗಳಿಗಿಂತ ನಂತರ ಬಂದ ಒಂದೇ ಸಾಲಿನವು ಹೆಚ್ಚು ತೊಂದರೆ ಕೊಟ್ಟಿವೆ. ಅದನ್ನು ಬದಲಿಸಿದ ಬಿಲ್ ಇದೆಯೇ ಎಂದು ಕೇಳಿ. ಇಲ್ಲವಾದರೆ ಆಯಿಲ್ ಫಿಲ್ಟರ್ ತೆಗೆಸಿ, ಅದರ ಮಡಿಕೆಗಳನ್ನು ಬಿಡಿಸಿ ಬೆಳಕಿನಲ್ಲಿ ಲೋಹದ ಹೊಳಪಿನ ಚೂರುಗಳಿಗಾಗಿ ಹುಡುಕಬೇಕು. ಕ್ಲಚ್ ಬದಲಿಸುವ ಕಾಲ ಹತ್ತಿರವಿದ್ದರೆ ಅದರ ಜೊತೆಯಲ್ಲಿಯೇ ಬೇರಿಂಗನ್ನೂ ಹಾಕಿಸುವುದು ವಾಡಿಕೆ, ಗೇರ್‌ಬಾಕ್ಸ್ ಇಳಿಸುವ ಕೂಲಿ ಒಂದೇ ಸಲ ಮುಗಿಯುತ್ತದೆ. ಮುಂಭಾಗದ ರೇಡಿಯೇಟರ್‌ಗಳ ಬಾಯಲ್ಲಿ ಒಣಗಿದ ಎಲೆ ತುಂಬಿದ್ದರೆ ಆ ಕಾರನ್ನು ಯಾರೂ ಬಗ್ಗಿ ನೋಡಿಲ್ಲವೆಂದು ಅರ್ಥ.

ಎಂಎಕ್ಸ್-5 ಇವುಗಳಲ್ಲಿ ಅತ್ಯಂತ ಸರಳ. 1990 ಮತ್ತು 1991ರ ಆರಂಭದ 1.6 ಲೀಟರ್ ಎಂಜಿನ್‌ಗಳಲ್ಲಿ ಮಾತ್ರ ಕ್ರ್ಯಾಂಕ್‌ಶಾಫ್ಟ್‌ನ (ಪಿಸ್ಟನ್‌ಗಳು ತಿರುಗಿಸುವ ದಂಡದ) ಮೂತಿ ಗಿಡ್ಡವಾಗಿದ್ದು, ಟೈಮಿಂಗ್ ಬೆಲ್ಟ್ ಬದಲಿಸಿದವರು ಬೋಲ್ಟನ್ನು ಸರಿಯಾಗಿ ಬಿಗಿಯದಿದ್ದರೆ ಅಲ್ಲಿ ಸವೆತ ಹುಟ್ಟುತ್ತದೆ. ಎಂಜಿನ್ ಓಡುತ್ತಿರುವಾಗ ಮುಂದಿನ ಪುಲ್ಲಿ ಓಲಾಡುತ್ತಿದೆಯೇ ಎಂದು ನೋಡಿದರೆ ಸಾಕು.

ಓಡಿಸಿ ನೋಡುವಾಗ ರೇಡಿಯೋ ಬೇಡ. ಗೇರ್‌ಬಾಕ್ಸ್ ತಣ್ಣಗಿರುವಾಗಲೇ ಎರಡು ಮತ್ತು ಮೂರನೆಯ ಗೇರಿಗೆ ಹಾಕಿ. ಕರಕರ ಎಂದರೆ ಗೇರುಗಳ ವೇಗ ಹೊಂದಿಸುವ ಸಿಂಕ್ರೋ ಸವೆದಿದೆ. ಮೇಲಿನ ಗೇರಿನಲ್ಲಿ ನಿಧಾನವಾಗಿ ಸಾಗುತ್ತಿರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ವೇಗ ಏರದೆ ಆರ್‌ಪಿಎಂ ಮಾತ್ರ ಏರಿದರೆ ಕ್ಲಚ್ ಜಾರುತ್ತಿದೆ.

ಕಾಗದಪತ್ರಗಳನ್ನು ಮೊದಲು ನೋಡುವವರೊಬ್ಬರು:

ನಾನು ಕಾರನ್ನು ಮುಟ್ಟುವ ಮುನ್ನ ಬಿಲ್‌ಗಳ ಕಟ್ಟನ್ನು ಕೇಳಿ ತೆಗೆದುಕೊಂಡು ದಿನಾಂಕದ ಕ್ರಮದಲ್ಲಿ ಜೋಡಿಸುತ್ತೇನೆ. ಪ್ರತಿ ಬಿಲ್ಲಿನಲ್ಲಿರುವ ಕಿಲೋಮೀಟರ್ ಹಿಂದಿನದಕ್ಕಿಂತ ಹೆಚ್ಚಿರಬೇಕು; ಒಮ್ಮೆ ಈ ಸರಳ ಕೆಲಸದಿಂದಲೇ ಹಿಂದಕ್ಕೆ ತಿರುಗಿಸಿದ ಓಡೋಮೀಟರೊಂದು ಸಿಕ್ಕಿಬಿದ್ದಿತ್ತು. ಚಾಸಿಸ್ ನಂಬರನ್ನು ಕಾಗದದೊಂದಿಗೆ ಒಂದೊಂದೇ ಅಕ್ಷರವಾಗಿ ಹೋಲಿಸಿ. ಟೈರಿನ ಬದಿಯಲ್ಲಿರುವ ನಾಲ್ಕಂಕಿಯ ಸಂಖ್ಯೆ ಅದು ತಯಾರಾದ ವಾರ ಮತ್ತು ವರ್ಷ: 3419 ಎಂದಿದ್ದರೆ 2019ರ 34ನೆಯ ವಾರ. ನಾಲ್ಕು ಟೈರ್ ನಾಲ್ಕು ಕಂಪನಿಯವಾಗಿದ್ದು, ಅವುಗಳಲ್ಲಿ ಒಂದು ಹತ್ತು ವರ್ಷ ಹಳೆಯದಾಗಿದ್ದರೆ, ಮಾಲೀಕರು ಕಣ್ಣಿಗೆ ಕಾಣದ ಭಾಗಗಳಿಗೂ ಹಾಗೆಯೇ ಖರ್ಚು ಮಾಡಿರುತ್ತಾರೆಂದು ನಾನು ಊಹಿಸುತ್ತೇನೆ. ಈ ಊಹೆ ಇದುವರೆಗೆ ನನಗೆ ಮೋಸ ಮಾಡಿಲ್ಲ.

ಇನ್ನೊಂದು ವಿಷಯ, ಕಾರಿನ ಕಂಪ್ಯೂಟರಿನಲ್ಲಿರುವ ದೋಷದ ಕೋಡ್‌ಗಳನ್ನು ಓದುವ ಒಬಿಡಿ ಸ್ಕ್ಯಾನರ್ ಹಾಕಿದಾಗ ಯಾವ ಕೋಡೂ ಬರಲಿಲ್ಲವೆಂದು ಸಮಾಧಾನ ಪಡಬೇಡಿ. ಕಾರು ಹಲವು ಭಾಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ, ಆ ಪರೀಕ್ಷೆಗಳು ಮುಗಿದಿವೆಯೇ ಎಂಬುದನ್ನೂ ಸ್ಕ್ಯಾನರ್ ತೋರಿಸುತ್ತದೆ. ಹೆಚ್ಚಿನವು ಅಪೂರ್ಣ ಎಂದಿದ್ದರೆ, ನೀವು ಬರುವ ಮುನ್ನ ಯಾರೋ ಕೋಡ್‌ಗಳನ್ನು ಅಳಿಸಿರುವ ಅಥವಾ ಬ್ಯಾಟರಿ ಬಿಚ್ಚಿರುವ ಸಾಧ್ಯತೆ ಬಹಳ.

ರೋಟರಿ ಎಂಜಿನ್ ಕಾರು ಇಟ್ಟುಕೊಂಡಿರುವವರು:

ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೂ ಇದನ್ನು ಓದುವ ಬೇರೆಯವರಿಗಾಗಿ ಬರೆಯುತ್ತಿದ್ದೇನೆ. ಮಜ್ದಾ ಆರ್‌ಎಕ್ಸ್-7 ನೋಡಲು ಹೋಗುವವರಿಗೆ ಮೇಲಿನ ಕೆಲವು ಸಲಹೆಗಳು ಹೊಂದುವುದಿಲ್ಲ. ಅದರ ರೋಟರಿ ಎಂಜಿನ್‌ನಲ್ಲಿ ಪಿಸ್ಟನ್ ಬದಲಾಗಿ ತ್ರಿಕೋನದಂಥ ರೋಟರ್ ತಿರುಗುತ್ತದೆ. ರೋಟರ್‌ಗೆ ಮೂರು ಮುಖಗಳಿರುವುದರಿಂದ ಮೂರನ್ನೂ ಬೇರೆಬೇರೆಯಾಗಿ ಅಳೆಯುವ ರೋಟರಿಯದೇ ಕಂಪ್ರೆಷನ್ ಮೀಟರ್ ಬೇಕು. ಸೀಲುಗಳಿಗೆ ಜಿಡ್ಡು ಕೊಡಲೆಂದೇ ಆ ಎಂಜಿನ್ ಸ್ವಲ್ಪ ಆಯಿಲನ್ನು ಉರಿಸುತ್ತದೆ, ಅದು ದೋಷವಲ್ಲ. ತಣ್ಣಗಿರುವಾಗ ಸರಾಗವಾಗಿ ಚಾಲೂ ಆಗಿ, ಬಿಸಿಯಾದ ಮೇಲೆ ನಿಲ್ಲಿಸಿ ಹತ್ತು ನಿಮಿಷದ ನಂತರ ಎಷ್ಟು ತಿರುಗಿಸಿದರೂ ಚಾಲೂ ಆಗದಿದ್ದರೆ ಅದು ಕಂಪ್ರೆಷನ್ ಕುಸಿದಿರುವ ಲಕ್ಷಣ. ಅಂದರೆ ನಮ್ಮಲ್ಲಿ ತಣ್ಣನೆಯ ಸ್ಟಾರ್ಟ್‌ಗಿಂತ ಬಿಸಿ ಸ್ಟಾರ್ಟ್ ಮುಖ್ಯ.

ಕೇಳಿದವರು, ಮೂರು ವಾರಗಳ ನಂತರ:

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಇದುವರೆಗೆ ಎರಡು ಕಾರು ನೋಡಿದೆ. ಮೊದಲನೆಯದು ಫಳಫಳ ಹೊಳೆಯುತ್ತಿತ್ತು, ಕಿಲೋಮೀಟರ್ ಬಹಳ ಕಡಿಮೆ. ಫೋನಿನಲ್ಲಿ ಕೇಳಿಕೊಂಡಿದ್ದರೂ ನಾನು ಹೋದಾಗ ಬಾನೆಟ್ ಬೆಚ್ಚಗಿತ್ತು. ಸ್ಕ್ಯಾನರಿನಲ್ಲಿ ಐದು ಪರೀಕ್ಷೆ ಅಪೂರ್ಣ. ಕಾರಣ ಕೇಳಿದಾಗ ನಿನ್ನೆ ಬ್ಯಾಟರಿ ಬದಲಿಸಿದೆವು ಎಂದರು, ಬ್ಯಾಟರಿಯ ಮೇಲಾದರೋ ದಪ್ಪ ಧೂಳು. ಓಡಿಸಿ ನೋಡದೆಯೇ ಹಿಂದಿರುಗಿದೆ.

ಎರಡನೆಯದು ಅದರ ಎರಡು ಪಟ್ಟಿಗೂ ಹೆಚ್ಚು ಓಡಿದೆ, ಬಣ್ಣ ಮಾಸಿದೆ, ಚಾಲಕನ ಸೀಟಿನ ಅಂಚು ಹರಿದಿದೆ. ಆದರೆ ಹನ್ನೊಂದು ವರ್ಷಗಳ ಬಿಲ್‌ಗಳು ಕ್ರಮವಾಗಿವೆ, ನೀರಿನ ಕೊಳವೆಗಳನ್ನು ಪ್ರತಿ ಮಳೆಗಾಲಕ್ಕೆ ಮುಂಚೆ ತಂತಿ ಹಾಕಿ ಬಿಡಿಸುತ್ತಿದ್ದೆನೆಂದು ಮಾಲೀಕರು ತಾವಾಗಿಯೇ ಹೇಳಿ, ಆ ತಂತಿಯನ್ನೂ ತೋರಿಸಿದರು. ಮೆಕ್ಯಾನಿಕ್ ಮಾಡಿದ ಲೀಕ್-ಡೌನ್‌ನಲ್ಲಿ ಮೂರು ಸಿಲಿಂಡರ್‌ಗಳ ಸೋರಿಕೆ ಶೇಕಡಾ 6ರ ಆಸುಪಾಸು, ಒಂದು ಮಾತ್ರ 11, ಸೋರಿಕೆಯ ಸದ್ದು ಆಯಿಲ್ ಬಾಯಿಯಲ್ಲಿ. ಹಿಂದಿನ ಬಲಗಡೆಯ ಪಟ್ಟಿಯಲ್ಲಿ ಅಂಗೈಯಷ್ಟು ತುಕ್ಕು ಇದೆ, ಇನ್ನೂ ತೂತಾಗಿಲ್ಲ. ಇದನ್ನು ಮುಂದಿಟ್ಟು ಬೆಲೆ ಮಾತಾಡುವುದೋ, ಬಿಡುವುದೋ?

ಮೆಕ್ಯಾನಿಕ್ ಆಗಿರುವವರು:

ಶೇಕಡಾ 11 ಈ ವಯಸ್ಸಿನ ಎಂಜಿನ್‌ಗೆ ಸಹಜ. 20 ದಾಟಿದ್ದರೆ ಬಿಡಿ ಎನ್ನುತ್ತಿದ್ದೆ. ಆ ಪಟ್ಟಿಯ ತುಂಡನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಲು ಏನಾಗುತ್ತದೆಂದು ಬಾಡಿ ಕೆಲಸದವರಿಂದ ಬರೆಸಿಕೊಳ್ಳಿ, ಅಷ್ಟನ್ನು ಬೆಲೆಯಲ್ಲಿ ಕಳೆಯಲು ಮಾಲೀಕರನ್ನು ಕೇಳಿ. ಒಪ್ಪಿದರೆ ತೆಗೆದುಕೊಳ್ಳಿ. ಆ ತಂತಿಯನ್ನೂ ಕೇಳಿ ಪಡೆದುಕೊಳ್ಳಿ.