ಅಪ್‌ಡೇಟ್: ಅಜ್ಜ-ಅಜ್ಜಿ ಜೊತೆ ಥೀಮ್ ಪಾರ್ಕ್‌ಗೆ ಹೋಗಿ ಬಂದೆವು

ಎಂಬತ್ತರ ಹತ್ತಿರದ ಅಜ್ಜ, ಮೊಣಕಾಲು ನೋವಿನ ಅಜ್ಜಿ. ಇವರನ್ನು ಯಾವ ಥೀಮ್ ಪಾರ್ಕ್‌ಗೆ ಕರೆದುಕೊಂಡು ಹೋಗಲಿ ಅಂತ ಕೇಳಿದ್ದೆ. ಜಾಸ್ತಿ ಜನ ಬಿಡದಿಯ ವಂಡರ್‌ಲಾ ಅಂದಿರಿ. ಆದರೆ ಅಲ್ಲಿ ನೀರಿಗಿಳಿಯಲು ನೈಲಾನ್ ಬಟ್ಟೆ ಬೇಕು. ನಮ್ಮಜ್ಜಿ ಹತ್ತಿ ಸೀರೆ ಬಿಟ್ಟು ಬೇರೇನೂ ಉಡುವವರಲ್ಲ. ಹಾಗಾಗಿ ಒಬ್ಬರು ಹೇಳಿದ್ದ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಹೋದೆವು. ಹುಬ್ಬಳ್ಳಿಯಿಂದ ಹಾವೇರಿ ಕಡೆ ಬರುವಾಗ, ಶಿಗ್ಗಾವಿ ತಾಲ್ಲೂಕಿನಲ್ಲಿ, ಹೆದ್ದಾರಿ ಪಕ್ಕದಲ್ಲೇ ಇದೆ.

ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಕನಸಿನ ಜಾಗ ಇದು. ಉತ್ತರ ಕರ್ನಾಟಕದ ಹಳ್ಳಿ ಬದುಕೆಲ್ಲ ಆಳೆತ್ತರದ ಶಿಲ್ಪಗಳಲ್ಲಿದೆ. ಮಕ್ಕಳು ಫೋಟೋ ತೆಗೆದು ಮುಂದೆ ಓಡಿದರು. ಅಜ್ಜಿ ಮಾತ್ರ ಒಂದೊಂದು ಮನೆ ಮುಂದೆಯೂ ನಿಂತರು. ರೊಟ್ಟಿ ತಟ್ಟುವ ಹೆಂಗಸಿನ ಕೈಬಳೆ, ಸೆರಗು ಸಿಕ್ಕಿಸಿದ ರೀತಿ, ಒಲೆಯ ಬಾಯಿ, ಎಲ್ಲ ಬಗ್ಗಿ ನೋಡಿ, "ಹಿಟ್ಟು ಇನ್ನೂ ಸ್ವಲ್ಪ ನಾದಬೇಕಿತ್ತು" ಅಂದರು! ಸಿಮೆಂಟಿನ ಹಿಟ್ಟು, ಅಲ್ವಾ. ಅಜ್ಜ ಡಾ. ರಾಜ್‌ಕುಮಾರ್ ಪಾತ್ರಗಳ ಶಿಲ್ಪಗಳ ಹತ್ತಿರ ಹೋದವರು ಅಲ್ಲಿಂದ ಕದಲಲೇ ಇಲ್ಲ. ಒಂದೊಂದು ಪಾತ್ರ ತೋರಿಸಿ ಕಥೆ ಶುರು ಮಾಡಿದರು. ಗುರುತು ಪರಿಚಯ ಇಲ್ಲದ ಹುಡುಗರೂ ಸುಮ್ನೆ ನಿಂತು ಕೇಳಿದರು.

ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಬೆಳಗ್ಗೆಯೇ ಹೋಗಿ. ಬಿಸಿಲು ಜೋರಿರುತ್ತದೆ, ನಡೆಯುವುದೂ ಜಾಸ್ತಿ. ಕೊಡೆ, ನೀರು, ಮಡಚುವ ಸ್ಟೂಲ್ ಇರಲಿ. ನಮಗೆ ಸ್ಟೂಲೇ ಹೆಚ್ಚು ಉಪಯೋಗಕ್ಕೆ ಬಂತು. ವಂಡರ್‌ಲಾ ಅಂದವರಿಗೂ ಥ್ಯಾಂಕ್ಸ್, ಅಲ್ಲಿಗೆ ಮಕ್ಕಳನ್ನು ಬೇರೆಯಾಗಿ ಕರೆದುಕೊಂಡು ಹೋಗುತ್ತೇನೆ. ಅಜ್ಜ ಈಗ ರಾಮನಗರದ ಜಾನಪದ ಲೋಕ ಯಾವಾಗ ಅಂತ ಕೇಳುತ್ತಿದ್ದಾರೆ.