ಪೊಲೀಸರ ಕೈಗೆ ಸೇನೆಯ ಸಲಕರಣೆ: ಅನುಮತಿ ಕೊಡಬೇಕಾದವರು ಯಾರು?

ಕಾನೂನು ವಿದ್ಯಾರ್ಥಿನಿ, ಬೆಳಗಾವಿ

ಅಮೆರಿಕದ ಸೇನೆ ತನಗೆ ಬೇಡವಾದ ಬಂದೂಕು, ಕವಚ ವಾಹನ ಮೊದಲಾದವನ್ನು ಊರೂರಿನ ಪೊಲೀಸರಿಗೆ ವರ್ಗಾಯಿಸುವ ‘1033 ಕಾರ್ಯಕ್ರಮ’ದ ಕುರಿತು ನಾನು ತರಗತಿಯಲ್ಲಿ ಪ್ರಬಂಧ ಮಂಡಿಸಬೇಕಾಗಿದೆ. 2014ರಲ್ಲಿ ಫರ್ಗ್ಯುಸನ್ ಪಟ್ಟಣದ ಪ್ರತಿಭಟನಾಕಾರರ ಎದುರು ಕವಚ ವಾಹನಗಳು ಬಂದು ನಿಂತ ಮೇಲೆ, ಇದಕ್ಕೆ ಕಡಿವಾಣ ಹಾಕುವ ಮಸೂದೆ ಅಲ್ಲಿನ ಸಂಸತ್ತಿನಲ್ಲಿ ಮಂಡನೆಯಾಯಿತು. ಅಂಥ ಕಾಯ್ದೆಗಳು ನಿಜಕ್ಕೂ ಏನನ್ನು ತಡೆಯುತ್ತವೆ? ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ನಮ್ಮ ಊರಿನಲ್ಲಿ ಸೇನೆಗೂ ಪೊಲೀಸರಿಗೂ ನಡುವಿನ ಗೆರೆಯನ್ನು ಕಾನೂನು ಎಲ್ಲಿ ಎಳೆದಿದೆ?

ನಿವೃತ್ತ ಸರ್ಕಾರಿ ಅಭಿಯೋಜಕ, ವಿಜಯಪುರ

ತಂಗಿ, ಮೊದಲು ಆದೇಶಕ್ಕೂ ಕಾಯ್ದೆಗೂ ಇರುವ ಅಂತರವನ್ನು ಗಮನಿಸು. ಬಯೊನೆಟ್, ಗ್ರೆನೇಡ್ ಉಡಾವಕ, ಚೈನಿನ ಮೇಲೆ ಚಲಿಸುವ ಕವಚ ವಾಹನ ಇವುಗಳನ್ನು ಪೊಲೀಸರಿಗೆ ಕೊಡುವುದನ್ನು ಒಬಾಮಾ ಸರ್ಕಾರ 2015ರಲ್ಲಿ ಆದೇಶದ ಮೂಲಕ ನಿಲ್ಲಿಸಿತು. 2017ರ ಆಗಸ್ಟ್‌ನಲ್ಲಿ ಟ್ರಂಪ್ ಅದನ್ನು ರದ್ದುಪಡಿಸಿದರು. ಪಡೆದ ಸಾಮಗ್ರಿಯನ್ನು ಒಂದು ವರ್ಷದೊಳಗೆ ಬಳಕೆಗೆ ತರಬೇಕೆಂಬ ಷರತ್ತೂ ಆ ಕಾರ್ಯಕ್ರಮದಲ್ಲಿತ್ತು. ಬಳಸಲೇಬೇಕೆಂದು ಕೊಟ್ಟ ಆಯುಧಕ್ಕೆ ಸಂದರ್ಭವನ್ನು ಹುಡುಕುವವರು ಇದ್ದೇ ಇರುತ್ತಾರೆ ಎಂಬುದು ನನ್ನ ಆತಂಕ.

ನಾನು ಹೆಚ್ಚು ಬೆಲೆ ಕೊಡುವುದು ಕ್ಯಾಲಿಫೋರ್ನಿಯಾ 2021ರಲ್ಲಿ ಮಾಡಿದ ಕಾಯ್ದೆಗೆ. ಸಲಕರಣೆ ಸೇನೆಯಿಂದ ಬಂದಿತೋ ಅಂಗಡಿಯಿಂದ ಬಂದಿತೋ ಎಂದು ಅದು ಕೇಳುವುದಿಲ್ಲ. ಡ್ರೋನ್, ಅಶ್ರುವಾಯು, ಕವಚ ವಾಹನ ಯಾವುದೇ ಇರಲಿ, ಬಳಕೆಯ ನೀತಿಯನ್ನು ಸಾರ್ವಜನಿಕ ವಿಚಾರಣೆಗೆ ಕನಿಷ್ಠ 30 ದಿನ ಮೊದಲೇ ಪ್ರಕಟಿಸಿ, ಚುನಾಯಿತ ನಗರಸಭೆಯ ಒಪ್ಪಿಗೆ ಪಡೆದು, ಆಮೇಲೆ ಪ್ರತಿವರ್ಷ ವರದಿ ಒಪ್ಪಿಸಬೇಕು.

ನಮ್ಮಲ್ಲಿ ಗುಂಪನ್ನು ಚದುರಿಸುವ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಮಿನಲ್ಲಿದೆ. ಸೇನೆಯನ್ನು ಕರೆಸುವುದು 149ರಲ್ಲಿದೆ. ನಾನು ಹಲವು ವರ್ಷ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 129 ಮತ್ತು 130ನೇ ಕಲಮುಗಳನ್ನು ಓದಿದವನು, ಹೊಸದರಲ್ಲಿಯೂ ಅದೇ ಕೊರತೆ ಉಳಿದಿದೆ: ಸಾಧ್ಯವಾದಷ್ಟು ಕಡಿಮೆ ಬಲ ಬಳಸಬೇಕು ಎಂಬ ಮಾತನ್ನು ಸೇನಾಧಿಕಾರಿಗೆ ಹೇಳಿರುವ ಕಾನೂನು, ಪೊಲೀಸರ ಕಲಮಿನಲ್ಲಿ ಅದನ್ನು ಬರೆದಿಲ್ಲ.

ರಾಜ್ಯಶಾಸ್ತ್ರ ಉಪನ್ಯಾಸಕಿ, ಬಾಗಲಕೋಟೆ

ಸರ್ ಅವರ ಕೊನೆಯ ಮಾತನ್ನು ಒಪ್ಪುತ್ತೇನೆ, ಆದರೆ ಕ್ಯಾಲಿಫೋರ್ನಿಯಾದ ಮಾದರಿ ಇಲ್ಲಿಗೆ ನೇರವಾಗಿ ಹೊಂದುವುದಿಲ್ಲ. ಸಂವಿಧಾನದ ಏಳನೇ ಅನುಸೂಚಿಯಂತೆ ಪೊಲೀಸ್ ರಾಜ್ಯದ ವಿಷಯವಾದ್ದರಿಂದ, ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಅಥವಾ ಕೆಎಸ್‌ಆರ್‌ಪಿ (ಕರ್ನಾಟಕ ರಾಜ್ಯ ಮೀಸಲು ಪೊಲೀಸ್) ತುಕಡಿಯ ಬಳಿ ಏನಿರಬೇಕೆಂದು ಕೇಳುವ ಅಧಿಕಾರ ಮಹಾನಗರ ಪಾಲಿಕೆಗೆ ಇಲ್ಲ. ಪ್ರಶ್ನೆ ಏಳಬೇಕಾದದ್ದು ವಿಧಾನಮಂಡಲದಲ್ಲಿ, ಗೃಹ ಇಲಾಖೆಯ ಅನುದಾನದ ಬೇಡಿಕೆ ಬಂದಾಗ. ಕಲ್ಲೇಟಿನ ನಡುವೆ ನಿಲ್ಲುವ ಕಾನ್‌ಸ್ಟೇಬಲ್‌ಗೆ ಹೆಲ್ಮೆಟ್ಟೂ ಗುರಾಣಿಯೂ ಬೇಕೇ ಬೇಕು. ಅವುಗಳನ್ನು ಈ ಚರ್ಚೆಯೊಳಗೆ ತರಬಾರದು. ದೂರದಿಂದ ಹಾರಿಸುವ ಸಾಮಗ್ರಿಗೆ ಮಾತ್ರ ಲಿಖಿತ ನೀತಿಯೂ ವಾರ್ಷಿಕ ವರದಿಯೂ ಇರಲೆಂದು ಕೇಳಿದರೆ ಪೊಲೀಸರೇ ಒಪ್ಪಬಹುದು.

ಕಾನೂನು ವಿದ್ಯಾರ್ಥಿನಿ, ಬೆಳಗಾವಿ

ಇಬ್ಬರಿಗೂ ಕೃತಜ್ಞತೆಗಳು. ನಮ್ಮ ನಗರದ ಪೊಲೀಸರ ಬಳಿ ಇರುವ ಸಾಮಗ್ರಿಯ ಪಟ್ಟಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದೇ ಸರ್?

ನಿವೃತ್ತ ಸರ್ಕಾರಿ ಅಭಿಯೋಜಕ, ವಿಜಯಪುರ

ಅವಶ್ಯ ಕೇಳು. ಯಾವ ಠಾಣೆಯಲ್ಲಿ ಎಷ್ಟಿದೆ ಎಂದು ಕೇಳಿದರೆ 8ನೇ ಕಲಮಿನ ವಿನಾಯಿತಿ ತೋರಿಸಿ ನಿರಾಕರಿಸಬಹುದು. ಬಳಕೆಯ ನಿಯಮಗಳ ಪ್ರತಿಯನ್ನೂ ಖರೀದಿಯ ಒಟ್ಟು ವೆಚ್ಚವನ್ನೂ ಬೇರೆ ಬೇರೆ ಅರ್ಜಿಯಲ್ಲಿ ಕೇಳು. ಒಂದಕ್ಕೆ ನಿರಾಕರಣೆ ಬಂದರೂ ಇನ್ನೊಂದು ಉಳಿಯುತ್ತದೆ.