ರಾತ್ರಿ ಗೇಟಿನ ಹತ್ತಿರ ಬಂದವರ ಮುಖ ಬರೀ ಬಿಳಿ ಕಲೆ: ಕ್ಯಾಮೆರಾನೇ ಬದಲಿಸಬೇಕಾ?

ಪ್ರಶ್ನೆ, ಬನಶಂಕರಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು 30x40 ಸೈಟಿನ ಮನೆ. ಮೊದಲ ಮಹಡಿಯ ಸಜ್ಜಾ ಕೆಳಗೆ ಒಂದು ಡೋಮ್ ಕ್ಯಾಮೆರಾ ಇದೆ. 5 ಮೆಗಾಪಿಕ್ಸೆಲ್, 2.8 ಎಂ.ಎಂ. ಲೆನ್ಸ್, ನೆಟ್‌ವರ್ಕ್ ಕೇಬಲ್‌ನಲ್ಲಿ ಎನ್‌ವಿಆರ್‌ಗೆ (ರೆಕಾರ್ಡಿಂಗ್ ಪೆಟ್ಟಿಗೆ) ಹೋಗಿದೆ. ಹಗಲು ಹೊತ್ತು ಎದುರುಮನೆಯವರ ರಂಗೋಲಿ ಕೂಡ ಸ್ಪಷ್ಟವಾಗಿ ಕಾಣುತ್ತದೆ. ರಾತ್ರಿ ಮಾತ್ರ ಏನೂ ಪ್ರಯೋಜನವಿಲ್ಲ.

ಕಳೆದ ವಾರ ರಾತ್ರಿ 2:40ಕ್ಕೆ ಗೇಟಿನ ಹೊರಗೆ ನಿಲ್ಲಿಸಿದ್ದ ಅಪ್ಪನ ಸ್ಕೂಟರ್‌ನ ಬ್ಯಾಟರಿ ಬಿಚ್ಚಿಕೊಂಡು ಹೋದರು. ರೆಕಾರ್ಡಿಂಗ್ ನೋಡಿದರೆ ಮೇಲ್ಗಡೆ ಸಜ್ಜಾ ಬೆಳ್ಳಗೆ ಹೊಳೆಯುತ್ತಿದೆ, ರಸ್ತೆ ಕಪ್ಪು, ನಡುವೆ ಒಂದು ಬಿಳಿ ಆಕಾರ ಬಂದು ಎರಡು ನಿಮಿಷ ಕೂತು ಎದ್ದು ಹೋಗುತ್ತದೆ. ಗಂಡಸೋ ಹೆಂಗಸೋ ಅಂತಲೂ ಹೇಳೋಕಾಗಲ್ಲ. ಬಾಕ್ಸ್ ಮೇಲೆ ಮಾತ್ರ ರಾತ್ರಿ 30 ಮೀಟರ್ ದೂರ ಕಾಣುತ್ತದೆ ಅಂತ ಬರೆದಿದೆ. ಸ್ಕೂಟರ್ ನಿಲ್ಲುವುದು ಕ್ಯಾಮೆರಾದಿಂದ 7 ಮೀಟರ್ ದೂರದಲ್ಲಿ.

ಇನ್ನೊಂದು ತೊಂದರೆ: ಸಂಜೆ ಆರೂವರೆ ಕಳೆದ ಮೇಲೆ ಇದೊಂದೇ ಕ್ಯಾಮೆರಾ ಆಗಾಗ ಆಫ್‌ಲೈನ್ ಆಗಿ ತಾನೇ ವಾಪಸ್ ಬರುತ್ತದೆ. ಮಳೆ ಶುರುವಾದ ಮೇಲೆ ಜೇಡರ ಬಲೆ ಬೇರೆ. ಅದು ಗಾಳಿಗೆ ಅಲುಗಾಡಿದಾಗಲೆಲ್ಲ ಮೊಬೈಲ್‌ಗೆ ಅಲರ್ಟ್ ಬರುತ್ತಲೇ ಇರುತ್ತದೆ. ಅಂಗಡಿಯವರು "8 ಮೆಗಾಪಿಕ್ಸೆಲ್ ಹಾಕಿಸಿಬಿಡಿ" ಅಂದರು. ಅಪ್ಪ-ಅಮ್ಮ ಇಬ್ಬರೇ ಇರುವ ಮನೆ. ದುಡ್ಡು ಹಾಕೋಕೆ ತಯಾರಿದ್ದೇನೆ, ಆದರೆ ಮತ್ತೆ ಇದೇ ಕಥೆ ಆಗಬಾರದು.

ವಿಜಯನಗರದಿಂದ

ರಾತ್ರಿನೂ ಬಣ್ಣದಲ್ಲಿ ತೋರಿಸುವ ಕ್ಯಾಮೆರಾ ತಗೊಳ್ಳಿ. ಹಿಕ್‌ವಿಷನ್‌ನವರದು ಕಲರ್‌ವು ಅಂತ ಬರುತ್ತದೆ, ಬೇರೆ ಕಂಪನಿಗಳಲ್ಲೂ ಆ ಥರದ್ದು ಇದೆ. ಶರ್ಟಿನ ಬಣ್ಣ, ಗಾಡಿಯ ಬಣ್ಣ ಎಲ್ಲಾ ಗೊತ್ತಾಗುತ್ತದೆ. ಆದರೆ ಅದರ ಬಿಳಿ ದೀಪ ರಾತ್ರಿಯಿಡೀ ಉರಿಯುತ್ತೆ. ಮುಂಗಾರಿನ ಮೊದಲ ಮಳೆ ಬಿದ್ದ ದಿನ ನಮ್ಮ ಕ್ಯಾಮೆರಾ ಮುಂದೆ ಈಸಲು ಹುಳ ಮುತ್ತಿ ಒಂದು ಗಂಟೆ ಏನೂ ಕಾಣಲಿಲ್ಲ.

ಮಲ್ಲೇಶ್ವರದಿಂದ (12 ವರ್ಷದಿಂದ ಕ್ಯಾಮೆರಾ ಕೂರಿಸುವ ಕೆಲಸ)

ಮೇಡಂ, ದುಡ್ಡು ಖರ್ಚು ಮಾಡೋ ಮುಂಚೆ ಎರಡು ದಿನ ತಡೀರಿ. ನೀವು ಹೇಳಿದ್ದರಲ್ಲಿ "ಸಜ್ಜಾ ಬೆಳ್ಳಗೆ ಹೊಳೆಯುತ್ತಿದೆ" ಅನ್ನೋ ಒಂದು ಮಾತು ಸಾಕು. ಆ ಕ್ಯಾಮೆರಾದ ಬೆಳಕೇ ಅದರ ಕಣ್ಣು ಕುಕ್ಕುತ್ತಿದೆ.

ಕತ್ತಲಾದಾಗ ಕ್ಯಾಮೆರಾ ಒಳಗೆ ಟಿಕ್ ಅಂತ ಸಣ್ಣ ಸದ್ದು ಬರುತ್ತಲ್ಲ, ಅದು ಹಗಲು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ (ಐಆರ್) ಬೆಳಕನ್ನು ತಡೆಯೋ ಫಿಲ್ಟರ್ ಪಕ್ಕಕ್ಕೆ ಸರಿಯೋ ಸದ್ದು. ಆಮೇಲೆ ಐಆರ್ ದೀಪ ಹತ್ತಿಕೊಳ್ಳುತ್ತೆ. ದೂರ ಎರಡು ಪಟ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತೆ. ನಿಮ್ಮ ಸಜ್ಜಾ ಅರ್ಧ ಮೀಟರ್‌ನಲ್ಲಿದೆ, ಸ್ಕೂಟರ್ 7 ಮೀಟರ್‌ನಲ್ಲಿ. ಅಂದರೆ ಸ್ಕೂಟರ್ ಮೇಲೆ ಬೀಳೋದಕ್ಕಿಂತ ಸುಮಾರು 200 ಪಟ್ಟು ಬೆಳಕು ಸಜ್ಜಾ ಮೇಲೆ ಬೀಳುತ್ತಿದೆ, ಅದೂ ಸುಣ್ಣ ಬಣ್ಣದ ಸಜ್ಜಾ. ಕ್ಯಾಮೆರಾ ಆ ಬಿಳುಪಿಗೆ ತಕ್ಕಂತೆ ಚಿತ್ರದ ಬೆಳಕನ್ನು ತಗ್ಗಿಸಿಕೊಳ್ಳುತ್ತೆ, ರಸ್ತೆ ಕಪ್ಪಾಗುತ್ತೆ. ನಾನು ಹೋದ ಮನೆಗಳಲ್ಲಿ ಗ್ರಿಲ್, ತೊಲೆ, ಹೂಕುಂಡ, ಒಂದು ಕಡೆ ಒಣಹಾಕಿದ್ದ ಪಂಚೆ, ಎಲ್ಲಾ ಇದೇ ಕೆಲಸ ಮಾಡಿವೆ. ಕಿಟಕಿ ಗಾಜಿನ ಹಿಂದೆ ಇಟ್ಟರಂತೂ ಐಆರ್ ಗಾಜಿಗೆ ತಗುಲಿ ವಾಪಸ್ ಬಂದು ಲೆನ್ಸಿಗೇ ಹೊಡೆಯುತ್ತೆ.

ಡೋಮ್ ಅಂದರೆ ಇನ್ನೂ ಒಂದು ಕಷ್ಟ. ಆ ಪ್ಲಾಸ್ಟಿಕ್ ಬುರುಡೆ ಮೇಲೆ ನಮ್ಮ ರಸ್ತೆ ಧೂಳು ಕೂತು, ಮಳೆಹನಿ ಒಣಗಿ ಪೊರೆ ಆಗುತ್ತೆ. ಐಆರ್ ಅದರೊಳಗೇ ಚದುರಿ ಇಡೀ ಚಿತ್ರ ಮಂಜಾಗುತ್ತೆ. ಲೆನ್ಸ್ ಸುತ್ತ ಇರೋ ಸ್ಪಂಜಿನ ಬಳೆ ಬುರುಡೆಗೆ ಒತ್ತಿಕೊಂಡು ಕೂತಿಲ್ಲ ಅಂದರೂ ಹಾಗೇ. ಹೊರಗಡೆಗೆ ನಾನು ಡೋಮ್ ಹಾಕೋದನ್ನೇ ಬಿಟ್ಟಿದ್ದೀನಿ.

ಇವತ್ತು ರಾತ್ರಿ ಇಷ್ಟು ಮಾಡಿ. ಬುರುಡೆಯನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಸೆಟ್ಟಿಂಗ್‌ನಲ್ಲಿ ಐಆರ್ ಆಫ್ ಮಾಡಿ, ಬೀದಿದೀಪದ ಬೆಳಕಲ್ಲೇ ಏನು ಕಾಣುತ್ತೆ ನೋಡಿ. ಆಮೇಲೆ ಶಟರ್ (ಒಂದೊಂದು ಚಿತ್ರಕ್ಕೆ ಬೆಳಕು ಹಿಡಿಯೋ ಸಮಯ) ಎಷ್ಟಿದೆ ಹೇಳಿ. ಮನೆಯವರೊಬ್ಬರನ್ನು ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿಸಿ, ಆಮೇಲೆ ನಡೆಸಿ. ಎರಡೂ ಬೇಕು.

8 ಮೆಗಾಪಿಕ್ಸೆಲ್ ಮಾತಿಗೆ ಈಗಲೇ ಹೂಂ ಅನ್ನಬೇಡಿ. ಸೆನ್ಸರ್ (ಬೆಳಕು ಹಿಡಿಯೋ ಚಿಪ್) ಅಳತೆ ಅಷ್ಟೇ ಇದ್ದು ಪಿಕ್ಸೆಲ್ ಜಾಸ್ತಿ ಆದರೆ ಒಂದೊಂದು ಪಿಕ್ಸೆಲ್‌ಗೂ ಸಿಗೋ ಬೆಳಕು ಕಮ್ಮಿ. ಹಗಲು ಚೆಂದ, ರಾತ್ರಿ ಬರೀ ಮರಳು ಮರಳು.

ಬನಶಂಕರಿಯಿಂದ

ಸರ್, ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಮಾಡಿ ನೋಡಿದೆ. ಐಆರ್ ಆಫ್ ಮಾಡಿದ ತಕ್ಷಣ ರಸ್ತೆ ಕಾಣಿಸಿತು! ಚಿತ್ರ ಮರಳು ಮರಳಾಗಿದೆ, ಆದರೂ ಗೇಟಿನ ಹತ್ತಿರ ನಿಂತ ಅಪ್ಪನ ಗುರುತು ಸಿಕ್ಕಿತು. ನಡೆದಾಗ ಮಾತ್ರ ಅಪ್ಪ ಹೊಗೆಯಂತೆ ಎಳೆದುಕೊಂಡು ಹೋದರು. ಶಟರ್ 1/6 ಸೆಕೆಂಡ್ ಅಂತ ಇತ್ತು. 1/25 ಮಾಡಿದೆ, ಕತ್ತಲೆ ಸ್ವಲ್ಪ ಹೆಚ್ಚಾಯಿತು ಆದರೆ ಆಕಾರ ಸರಿಬಂತು. ಬೀದಿದೀಪದ ಮುಂದೆ ಹೊಂಗೆ ಮರದ ಕೊಂಬೆ ಇದೆ, ಬೆಳಕು ಅರ್ಧಕ್ಕರ್ಧ ಅಲ್ಲೇ ನಿಲ್ಲುತ್ತದೆ. ಐಆರ್ ಆಫ್ ಇದ್ದಾಗ ರಾತ್ರಿಯಿಡೀ ಒಂದು ಸಲವೂ ಆಫ್‌ಲೈನ್ ಆಗಲಿಲ್ಲ, ಇದು ಆಶ್ಚರ್ಯ.

ಯಶವಂತಪುರದಿಂದ

ಆಶ್ಚರ್ಯ ಏನಿಲ್ಲ ಮೇಡಂ, ಅದು ಕರೆಂಟಿನ ವಿಷಯ. ಕೇಬಲ್ ಎಷ್ಟು ಉದ್ದ? ಅಡಾಪ್ಟರ್ ಎಲ್ಲಿದೆ?

ಬನಶಂಕರಿಯಿಂದ

ಅಡಾಪ್ಟರ್ ಎನ್‌ವಿಆರ್ ಪಕ್ಕದಲ್ಲೇ ಇದೆ. ಅಲ್ಲಿಂದ ಸುಮಾರು 25 ಮೀಟರ್. ನೆಟ್‌ವರ್ಕ್ ಕೇಬಲ್‌ನ ಉಳಿದ ಒಂದು ಜೋಡಿ ವೈರಿನಲ್ಲೇ 12 ವೋಲ್ಟ್ ಕಳಿಸಿದ್ದಾರೆ.

ಯಶವಂತಪುರದಿಂದ

ಹಾಗಾದರೆ ಲೆಕ್ಕ ನೋಡಿ. ಆ ಸಣ್ಣ ವೈರು ಅಪ್ಪಟ ತಾಮ್ರದ್ದೇ ಆದರೂ 25 ಮೀಟರ್ ಹೋಗಿ ಬರುವಷ್ಟರಲ್ಲಿ ಸುಮಾರು 4 ಓಮ್ ರೆಸಿಸ್ಟೆನ್ಸ್. ಹಗಲು ಕ್ಯಾಮೆರಾ ಕಾಲು ಆಂಪಿಯರ್ ಎಳೆದರೆ 1 ವೋಲ್ಟ್ ಹೋಗುತ್ತದೆ, ಅದನ್ನು ತಡೆದುಕೊಳ್ಳುತ್ತದೆ. ಐಆರ್ ಹತ್ತಿದಾಗ 0.6 ಆಂಪಿಯರ್ ಎಳೆದರೆ ಎರಡೂವರೆ ವೋಲ್ಟ್ ದಾರಿಯಲ್ಲೇ ಹೋಗಿ ಕ್ಯಾಮೆರಾಗೆ ಒಂಬತ್ತೂವರೆ ಅಷ್ಟೇ ಸಿಗುತ್ತದೆ. ವೈರು ತಾಮ್ರದ ಲೇಪ ಇರುವ ಅಲ್ಯೂಮಿನಿಯಂ ಆಗಿದ್ದರೆ ಇನ್ನೂ ಕಡಿಮೆ. ಕ್ಯಾಮೆರಾ ರೀಸ್ಟಾರ್ಟ್ ಆಗುವುದು ಅದಕ್ಕೇ. ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡುವ) ಸ್ವಿಚ್ ಹಾಕಿ. ಅದು ಅದೇ ಕೇಬಲ್‌ನಲ್ಲಿ 48 ವೋಲ್ಟ್ ಕಳಿಸುವುದರಿಂದ ಕರೆಂಟ್ ಕಡಿಮೆ ಸಾಕು, 100 ಮೀಟರ್‌ವರೆಗೂ ತೊಂದರೆ ಇಲ್ಲ. ಆದರೆ ಕ್ಯಾಮೆರಾಗೂ ಪಿಒಇ ಇರಬೇಕು, ಕೇಬಲ್ ಪೂರ್ತಿ ತಾಮ್ರದ್ದಿರಬೇಕು. ಒಂದು ತುದಿ ಸುಲಿದು ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅಲ್ಯೂಮಿನಿಯಂ.

ಮಲ್ಲೇಶ್ವರದಿಂದ

ಯಶವಂತಪುರದ ಸರ್ ಸರಿಯಾಗಿ ಹಿಡಿದರು. ಈಗ ಕ್ಯಾಮೆರಾ ಮಾತಿಗೆ ಬರ್ತೀನಿ.

ಬೀದಿದೀಪ ನಂಬಿಕೊಂಡು ಐಆರ್ ಪೂರ್ತಿ ಬಿಡೋ ಹಾಗಿಲ್ಲ. ರಸ್ತೆಯಲ್ಲಿ ಕರೆಂಟ್ ಹೋದ ರಾತ್ರಿ ಏನು ಮಾಡ್ತೀರಿ? ಹಾಗಾಗಿ ಈ ಡೋಮನ್ನು ಮನೆ ಒಳಗಿನ ಮೆಟ್ಟಿಲಿಗೆ ಹಾಕಿಕೊಳ್ಳಿ, ಹೊರಗಡೆಗೆ ಒಂದೇ ಒಂದು ಒಳ್ಳೆಯದು ತಗೊಳ್ಳಿ. ಗುಂಡಗಿರೋ, ಮುಂದೆ ಬುರುಡೆ ಇಲ್ಲದ ಟರೆಟ್ ಥರದ್ದು. 4 ಮೆಗಾಪಿಕ್ಸೆಲ್ ಸಾಕು, ಸೆನ್ಸರ್ ದೊಡ್ಡದು, 1/1.8 ಇಂಚಿನದು ಸಿಕ್ಕರೆ ಬಹಳ ಒಳ್ಳೇದು. ಲೆನ್ಸಿನ ಎಫ್ ಸಂಖ್ಯೆ ನೋಡಿ, ಅದು ಕಮ್ಮಿ ಇದ್ದಷ್ಟೂ ಬೆಳಕು ಜಾಸ್ತಿ: ಎಫ್ 1.0 ಒಳಗೆ ಬಿಡೋ ಬೆಳಕು ಎಫ್ 2.0ಗಿಂತ ನಾಲ್ಕು ಪಟ್ಟು. ಬಾಕ್ಸ್ ಮೇಲೆ ಇಷ್ಟು ಬೆಳಕು ಸಾಕು ಅಂತ 0.001 ಲಕ್ಸ್ (ಬೆಳಕಿನ ಅಳತೆ) ಬರೆದಿರ್ತಾರೆ, ಅದನ್ನು ನೋಡಿ ತಗೋಬೇಡಿ. ಹುಣ್ಣಿಮೆ ಬೆಳದಿಂಗಳೇ ಹೆಚ್ಚೆಂದರೆ 0.3 ಲಕ್ಸ್. ಶಟರ್ ನಿಧಾನ ಮಾಡಿ ಅಳೆದರೆ ಅಂಥ ಅಂಕಿ ಬರಬಹುದು, ಆಗ ನಿಮ್ಮ ಅಪ್ಪಾಜಿ ಮತ್ತೆ ಹೊಗೆಯಾಗ್ತಾರೆ.

ಐಆರ್ ಮತ್ತು ಬಿಳಿ ದೀಪ ಎರಡೂ ಇರೋದು ಬರುತ್ತೆ. ಸಾಮಾನ್ಯ ಹೊತ್ತಲ್ಲಿ ಐಆರ್, ಮನುಷ್ಯರು ಬಂದರೆ ಬಿಳಿ ದೀಪ ಹತ್ತುತ್ತೆ. ನಿಮಗೆ ಅದೇ ಸರಿ. ಹುಳದ ಕಾಟ ಕಮ್ಮಿ, ಎದುರುಮನೆಯವರ ನಿದ್ದೆಗೂ ತೊಂದರೆ ಇಲ್ಲ. 940 ನ್ಯಾನೊಮೀಟರ್ ಐಆರ್ ತಗೊಂಡರೆ ಕೆಂಪು ಮಿಣುಕು ಕಣ್ಣಿಗೆ ಕಾಣೋದಿಲ್ಲ ಅಂತ ಯಾರಾದರೂ ಹೇಳಬಹುದು. ನಿಜ, ಆದರೆ ಮಾಮೂಲಿ 850 ನ್ಯಾನೊಮೀಟರ್ ಐಆರ್‌ಗಿಂತ ದೂರ ಕಮ್ಮಿ ಹೋಗುತ್ತೆ.

ಜಾಗ ಮುಖ್ಯ. ಸಜ್ಜಾ ಬಿಡಿ, ಗೇಟಿನ ಕಡೆ ಗೋಡೆಗೆ ಎಂಟೂವರೆ ಅಡಿ ಎತ್ತರದಲ್ಲಿ, ಸ್ಕೂಟರ್‌ಗೆ 5 ಮೀಟರ್ ಬರೋ ಹಾಗೆ ಕೂರಿಸಿ, 4 ಎಂ.ಎಂ. ಲೆನ್ಸ್ (2.8ಕ್ಕಿಂತ ಕಾಣೋ ಅಗಲ ಕಮ್ಮಿ, ಮುಖ ದೊಡ್ಡದು). ಮೇಲಿಂದ ನೋಡಿದರೆ ಸಿಗೋದು ಟೋಪಿ ಮಾತ್ರ. ಈಗ ನಿಮ್ಮ 2.8 ಲೆನ್ಸಿನಲ್ಲಿ 7 ಮೀಟರ್ ದೂರದ ಒಂದು ಮುಖಕ್ಕೆ ಅಗಲದಲ್ಲಿ ಸಿಗುತ್ತಿರೋದು ಸುಮಾರು 25 ಪಿಕ್ಸೆಲ್. ಹೀಗೆ ಕೂರಿಸಿದರೆ 40ಕ್ಕಿಂತ ಹೆಚ್ಚು ಸಿಗುತ್ತೆ. ಗುರುತು ಹಿಡಿಯೋಕೆ ಮೀಟರ್‌ಗೆ 250 ಪಿಕ್ಸೆಲ್ ಬೇಕು ಅನ್ನೋದು 2014ರ ಅಂತಾರಾಷ್ಟ್ರೀಯ ಮಾನದಂಡ, ನಿಮಗೆ ಅಷ್ಟು ದಾಟುತ್ತೆ. ಎದುರುಮನೆ ಬಾಗಿಲು ಚಿತ್ರದಲ್ಲಿ ಬಂದರೆ ಸೆಟ್ಟಿಂಗ್‌ನಲ್ಲಿ ಆ ಭಾಗ ಮಾಸ್ಕ್ ಮಾಡಿ (ಮರೆಮಾಡಿ), ಅವರಿಗೂ ಒಂದು ಮಾತು ಹೇಳಿ.

ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್‌ಪಿ ರೋಡಿಗೆ ಹೋಗೋದಾದರೆ ಮಾಡೆಲ್ ನಂಬರ್ ಬರೆದುಕೊಂಡೇ ಹೋಗಿ, ಎಸ್‌ಟಿಕ್ಯೂಸಿ (ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ) ಪ್ರಮಾಣಪತ್ರ ಕೇಳಿ. ಸಿಸಿಟಿವಿಗೆ ಸರ್ಕಾರದ ಭದ್ರತಾ ಪರೀಕ್ಷೆಯ ನಿಯಮ 2025ರ ಏಪ್ರಿಲ್ 9ರಿಂದ ಬಂದಿದೆ.

ಬಲೆಗೆ ಔಷಧಿ ಹೊಡೆಯಬೇಡಿ, ಲೆನ್ಸ್ ಮೇಲೆ ಎಣ್ಣೆಪೊರೆ ಕೂತರೆ ಇನ್ನೂ ಕಷ್ಟ. ವಾರಕ್ಕೊಮ್ಮೆ ಪೇಂಟ್ ಬ್ರಷ್ ಸಾಕು. ಅಲರ್ಟನ್ನು ಮನುಷ್ಯರಿಗೆ ಮಾತ್ರ ಅಂತ ಇಡಿ.

ಬನಶಂಕರಿಯಿಂದ, ಮೂರು ವಾರದ ನಂತರ

ಎಲ್ಲಾ ನೀವು ಹೇಳಿದ ಹಾಗೇ ಮಾಡಿಸಿದೆ. ಹಳೇ ಕೇಬಲ್ ಕೆರೆದರೆ ಬೆಳ್ಳಗಿತ್ತು, ಬದಲಿಸಿದೆವು. ಈಗ ಆಫ್‌ಲೈನ್ ಆಗುತ್ತಿಲ್ಲ. ನಿನ್ನೆ ಬೆಳಗಿನ ಜಾವ ಐದಕ್ಕೆ ಹಾಲಿನವರು ಬಂದಾಗ ಅವರ ಮುಖ, ಸ್ವೆಟರ್ ಬಣ್ಣ, ಕೈಯಲ್ಲಿದ್ದ ಕ್ರೇಟ್ ಎಲ್ಲಾ ಸ್ಪಷ್ಟ. ಅಮ್ಮ ಆ ರೆಕಾರ್ಡಿಂಗ್ ಎರಡು ಸಲ ಹಾಕಿಸಿಕೊಂಡು ನೋಡಿದರು. ಒಂದೇ ಕೊರತೆ: ಹಾದುಹೋಗುವ ಗಾಡಿಗಳ ನಂಬರ್ ಪ್ಲೇಟ್ ಬರೀ ಬಿಳಿ ಚೌಕ.

ಮಲ್ಲೇಶ್ವರದಿಂದ

ಆ ಪ್ಲೇಟು ಬೆಳಕನ್ನು ಬಂದ ದಾರಿಗೇ ವಾಪಸ್ ಕಳಿಸುತ್ತೆ ಮೇಡಂ, ಜೊತೆಗೆ ಹೆಡ್‌ಲೈಟು. ಅದಕ್ಕೆ 1/500 ಇಲ್ಲ 1/1000 ಶಟರ್, ಉದ್ದ ಲೆನ್ಸ್ ಬೇಕು, ಹಾಗೆ ಇಟ್ಟರೆ ಮುಖ ಕಾಣಲ್ಲ. ಅದು ಬೇರೆಯೇ ಕ್ಯಾಮೆರಾ ಕೆಲಸ, ನಿಮ್ಮ ಮನೆಗೆ ಸದ್ಯ ಬೇಡ. ಅದರ ಬದಲು ಎನ್‌ವಿಆರ್ ಗಡಿಯಾರ ಮೊಬೈಲ್ ಸಮಯಕ್ಕೆ ಸರಿಯಿದೆಯಾ ಇವತ್ತೇ ನೋಡಿ. ಕಂಪ್ಲೇಂಟ್ ಕೊಡೋವಾಗ ಮೊದಲು ಕೇಳೋದು ಎಷ್ಟು ಗಂಟೆ ಅಂತ.